ಪಾಕದ ಸೀಮೆಗೆ ಕ್ಷ-ಕಿರಣ ಹಿಡಿದರೆ

ಗೋಕಾಕದಲ್ಲಿ ಕರದಂಟಿನ ಅಂಗಡಿ ಹುಡುಕುವ ಕಷ್ಟವಿಲ್ಲ. ಬಸ್‌ಸ್ಟ್ಯಾಂಡಿನಿಂದ ಹೊರಗೆ ಕಾಲಿಟ್ಟರೆ ಎಡಕ್ಕೂ ಬಲಕ್ಕೂ ಅದೇ ಬೋರ್ಡು. ಕರದಂಟು ಮಾಡುವ ಭಟ್ಟಿ ನೋಡಬೇಕೆಂದರೆ ಮಾತ್ರ ಪೇಟೆಯ ಹಿಂದಿನ ಓಣಿಗೆ ಇಳಿಯಬೇಕು, ಅದೂ ಬೆಳಗಿನ ಹೊತ್ತಿನಲ್ಲಿ. ನಾನು ಹೋದ ಭಟ್ಟಿಯಲ್ಲಿ ಒಬ್ಬ ಹುಡುಗ ಉತ್ತತ್ತಿಯ ಬೀಜ ಬಿಡಿಸುತ್ತಿದ್ದ. ಒಬ್ಬ ತಾಯಿ ಒಣಕೊಬ್ಬರಿ ಹೆರೆಯುತ್ತಿದ್ದರು. ಹಿರಿಯರೊಬ್ಬರು ತುಪ್ಪದ ಕಡಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಟು ಕರಿಯುತ್ತಿದ್ದರು.

ಅಂಟಿನ ತುಂಡುಗಳನ್ನು ಅಂಗಡಿಯವರು ಹರಳು ಎಂದೇ ಕರೆಯುತ್ತಾರೆ. ಜೇನಿನ ಬಣ್ಣ, ಬೆಳಕಿಗೆ ಹಿಡಿದರೆ ಪಾರದರ್ಶಕ, ಒಡೆದರೆ ಚೂಪು ಅಂಚು. ಆದರೆ ಅದು ಹರಳಲ್ಲ. ಮರದಿಂದ ಒಸರಿದ ರಸ ಒಣಗುತ್ತ ಒಣಗುತ್ತ, ಒಳಗಿನ ಅಣುಗಳು ಸಾಲುಗೂಡುವ ಮೊದಲೇ ಬಿಗಿದುಕೊಂಡ ಗಾಜು. ತುಪ್ಪಕ್ಕೆ ಬಿದ್ದೊಡನೆ ಈ ಗಾಜು ಮೆತ್ತಗಾಗುತ್ತದೆ, ಒಳಗೆ ಉಳಿದಿದ್ದ ತೇವ ಹಬೆಯಾಗಿ ಅದನ್ನು ಉಬ್ಬಿಸುತ್ತದೆ, ಮರುಕ್ಷಣ ಅರಳಿದ ಬಿಳಿ ಉಂಡೆ ಮೇಲೆ ತೇಲುತ್ತದೆ. ಜಾಲರಿ ಸೌಟಿನಿಂದ ಎತ್ತಿ ಬುಟ್ಟಿಗೆ ಹಾಕುವಾಗ ಹಗುರಾಗಿ ಚರಪರ ಎನ್ನುತ್ತದೆ. ಆ ಮೇಲೆ ಅಜ್ಜಾರು ಇನ್ನೊಂದು ಒಲೆಯ ಮೇಲೆ ಬೆಲ್ಲದ ಪಾಕಕ್ಕೆ ಇಟ್ಟರು. ಕರದಂಟಿನ ಮರ್ಯಾದೆ ನಿಂತಿರುವುದು ಗೋಡಂಬಿ, ಬಾದಾಮಿಯ ಮೇಲಲ್ಲ, ಈ ಪಾಕದ ಮೇಲೆ.

ಪಾಕ ಕುದಿಯುತ್ತಿದ್ದಾಗ ಅವರು ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟುಕೊಂಡಿದ್ದರು. ಸೌಟಿನ ತುದಿಯಿಂದ ಒಂದು ಹನಿ ನೀರಿಗೆ ಬಿಟ್ಟು, ಬೆರಳಲ್ಲಿ ಹಿಡಿದು ಉರುಟಿದರು. ಅದು ಹರಡಿಕೊಂಡಿತು.

‘ಇನ್ನೂ ಎಳೀ ಪಾಕ್ರಿ ಸರ. ಈಗ ಕಲಿಸಿದ್ರ ನಾಳಿಗೆ ಕೈಗೆ ಅಂಟ್ತೈತಿ’ ಎಂದರು.

ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಹನಿ. ಈ ಸಲ ಉಂಡೆಯಾಯಿತು. ಬಟ್ಟಲಿನ ಅಂಚಿಗೆ ಬಡಿದರೆ ಟಕ್ ಎಂದಿತು. ‘ಹದಾ ಬಂತ್ರಿ. ಇನ್ನ ತಡದ್ರ ಕಲ್ಲಾಗ್ತೈತಿ, ವಯಸ್ಸಾದವರ ಹಲ್ಲಿಗೆ ಕೆಲಸ!’

ಆ ಟಕ್ ಎಂದ ಉಂಡೆಯನ್ನು ನಾನು ಕೇಳಿ ಇಸಿದುಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದರೆ ಕಂದು ಬಣ್ಣದ ಮಣಿ, ಒಂದು ಕಣವಾದರೂ ಹರಳಿಲ್ಲ. ಬೆಲ್ಲದಲ್ಲಿರುವ ಸಕ್ಕರೆ ಈ ಉಷ್ಣಾಂಶದಲ್ಲಿ ನ್ಯಾಯವಾಗಿ ಹರಳಾಗಬೇಕಿತ್ತು. ಆದರೆ ತಣ್ಣೀರಿಗೆ ಬಿದ್ದ ಹನಿಗೆ ಸಮಯವೇ ಸಿಗಲಿಲ್ಲ. ಹರಳಾಗಬೇಕಾದ ಗೆರೆಯನ್ನು ದಾಟಿ ಕೆಳಗಿಳಿದರೂ ದ್ರವದ ಅವ್ಯವಸ್ಥೆಯನ್ನೇ ಇಟ್ಟುಕೊಂಡು, ಕೊನೆಗೆ ಹಾಗೆಯೇ ಬಿಗಿದುಕೊಂಡಿತು. ಭೌತವಿಜ್ಞಾನಿಗಳು ಅತಿಶೀತ ದ್ರವ ಎನ್ನುವುದು ಈ ನಡುವಿನ ಸ್ಥಿತಿಯನ್ನೇ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಸುತ್ತುವವರಿಗೆ ಜಲಪಾತ, ತೂಗುಸೇತುವೆ, ಹಿಡಕಲ್ ಡ್ಯಾಮು ತೋರಿಸುವುದು ವಾಡಿಕೆ. ನಾನು ಹಿಡಿದ ದಾರಿ ಬೇರೆ. ಒಂದೇ ಕಬ್ಬಿನ ರಸದ ವಿಷಯದಲ್ಲಿ ಈ ಮೂರು ಸೀಮೆಯ ಕಸುಬುದಾರರ ಆಸೆಗಳು ಮೂರು. ಕರದಂಟಿನವರಿಗೆ ಹರಳೇ ಬೇಡ. ಪಾಕ ಮರಳುಮರಳಾದರೆ ತುಂಡು ಪುಡಿಯಾಗುತ್ತದೆ. ಬೆಲ್ಲದ ಗಾಣದವರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಸಾವಿರಗಟ್ಟಲೆ ಬೇಕು. ಸಕ್ಕರೆ ಕಾರ್ಖಾನೆಗೆ ದಪ್ಪ, ಒಂದೇ ಅಳತೆಯ, ಬಿಡಿಬಿಡಿ ಹರಳು ಬೇಕು. ದ್ರವವನ್ನು ಎಷ್ಟು ಹೊತ್ತು ಹರಳಾಗದಂತೆ ತಡೆಯಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬ ಲೆಕ್ಕವೇ ಇಲ್ಲಿಯ ಬದುಕು. ಆ ತಡೆ ಎಲ್ಲಿಂದ ಬರುತ್ತದೆ ಎಂದು ಕ್ಷ-ಕಿರಣ ಹಿಡಿದು ನೋಡಿದವರ ಕಥೆಯೂ ನೂರು ವರ್ಷ ದಾಟಿದೆ.

ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಸತ್ಯ. ಉಷ್ಣಮಾಪಕದ ಫ್ಯಾರನ್‌ಹೀಟ್ 1724ರಲ್ಲೇ ಇದನ್ನು ವರದಿ ಮಾಡಿದ್ದರು: ಗಾಜಿನ ಬುರುಡೆಯಲ್ಲಿ ಮುಚ್ಚಿಟ್ಟ ಮಳೆನೀರು ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ಇದ್ದರೂ ನೀರಾಗಿಯೇ ಉಳಿಯಿತು, ಅದನ್ನು ಕದಲಿಸಿದಾಗ ಹೆಪ್ಪುಗಟ್ಟಿತು. ಧೂಳು, ಗೀರು, ಹಳೆಯ ಹರಳಿನ ಚೂರು ಯಾವುದೂ ಇಲ್ಲದ ಶುದ್ಧ ಸಣ್ಣ ಹನಿಗಳು ಮೈನಸ್ 38 ಡಿಗ್ರಿಯ ತನಕ ನೀರಾಗಿಯೇ ಇರಬಲ್ಲವು. ಹರಳು ಹುಟ್ಟಬೇಕಾದರೆ ಮೊದಲು ಒಂದಷ್ಟು ಅಣುಗಳು ಕೂಡಿ ಒಂದು ಬೀಜ ಕಟ್ಟಬೇಕು. ಬೀಜ ಚಿಕ್ಕದಾಗಿದ್ದರೆ ಅದರ ಮೇಲ್ಮೈಯ ಖರ್ಚೇ ಹೆಚ್ಚು, ಕಟ್ಟಿದ್ದು ಕರಗಿಹೋಗುತ್ತದೆ. ಒಂದು ಅಳತೆ ದಾಟಿತೋ, ಆಮೇಲೆ ಹಿಡಿಯುವವರಿಲ್ಲ. ಕರದಂಟಿನ ಅಜ್ಜಾರು ಕಡಾಯಿಯ ಅಂಚಿಗೆ ಸಿಡಿದ ಪಾಕವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇದ್ದರು. ಅಲ್ಲಿ ಒಣಗಿದ ಒಂದೇ ಕಣ ಒಳಗೆ ಬಿದ್ದರೂ ಇಡೀ ಪಾಕ ಕೆಡುತ್ತದೆಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಮೂಡಲಗಿಯ ಗಾಣ

ಗೋಕಾಕದಿಂದ ಮೂಡಲಗಿಯ ಕಡೆ ಹೊರಟರೆ ಗುಡ್ಡ ಹಿಂದೆ ಸರಿದು ಎರಿಮಣ್ಣು ಶುರುವಾಗುತ್ತದೆ. ಧೂಪದಾಳದ ಹಳೆಯ ಒಡ್ಡಿನಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ನೀರು ಈ ನೆಲವನ್ನು ಕಬ್ಬಿನ ಸೀಮೆ ಮಾಡಿತು. ಮೊನ್ನೆಮೊನ್ನೆಯವರೆಗೆ ಗೋಕಾಕ ತಾಲ್ಲೂಕಿನೊಳಗೇ ಇದ್ದ ಮೂಡಲಗಿ ಈಗ ಸ್ವಂತ ತಾಲ್ಲೂಕು. ದನದ ಪೇಟೆಗೆ ಮಾತ್ರ ಮೊದಲಿನಿಂದಲೂ ಹೆಸರು. ಚಳಿಗಾಲದಲ್ಲಿ ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಸಿಕ್ಕಿಕೊಂಡರೆ ಅವಸರ ಮಾಡಿ ಪ್ರಯೋಜನವಿಲ್ಲ. ಎರಡೆರಡು ಡಬ್ಬಿ ಜೋಡಿಸಿಕೊಂಡು, ಟೇಪ್ ರೆಕಾರ್ಡರಿನ ಹಾಡು ಹಾಕಿಕೊಂಡು ತಮ್ಮದೇ ಗತಿಯಲ್ಲಿ ಹೋಗುತ್ತವೆ.

ಹೊಗೆ ಕಂಡ ಕಡೆ ಗಾಣ. ರವದಿಯ ಮೆದೆ, ಒಣಹಾಕಿದ ಸಿಪ್ಪೆ, ತಗಡಿನ ಮಾಡು, ನೆಲದಲ್ಲಿ ಹೂತ ಒಲೆಯ ಮೇಲೆ ಒಂದಾಳು ಮಲಗಬಹುದಾದಷ್ಟು ಅಗಲದ ಕೊಪ್ಪರಿಗೆ. ಅರೆದ ರಸ ಹಸಿರುಬೂದು ಬಣ್ಣದ್ದು, ಸ್ವಲ್ಪ ಹುಳಿ ಗುಣದ್ದು. ಈ ಹುಳಿಯೇ ಗಾಣದವರ ಮೊದಲ ವೈರಿ. ಸಕ್ಕರೆ ಎನ್ನುವುದು ಗ್ಲೂಕೋಸು ಮತ್ತು ಫ್ರಕ್ಟೋಸು ಎಂಬ ಎರಡು ಸಣ್ಣ ಸಕ್ಕರೆಗಳು ಕೈಹಿಡಿದ ಜೋಡಿ. ಹುಳಿ ಮತ್ತು ಬಿಸಿ ಸೇರಿದರೆ ಕೈ ಬಿಡುತ್ತದೆ. ಅದಕ್ಕೇ ಸುಣ್ಣದ ತಿಳಿನೀರು ಹಾಕಿ ಹುಳಿ ಮುರಿಯುತ್ತಾರೆ. ಬೆಂಡೆಗಿಡದ ಕಾಂಡ ಜಜ್ಜಿದ ಲೋಳೆ ಹಾಕಿ ಹೊಲಸನ್ನು ನೊರೆಯ ಜೊತೆ ಮೇಲಕ್ಕೆ ತರಿಸಿ ಬಾಚುತ್ತಾರೆ. ನೊರೆ ಉಕ್ಕಿ ಬಂದರೆ ಶೇಂಗಾ ಎಣ್ಣೆಯ ನಾಲ್ಕು ಹನಿ. ಬಣ್ಣ ಬರಲೆಂದು ಹೈಡ್ರೋಸ್ ಪುಡಿ ಸುರಿಯುವ ಚಟವೂ ಹಲವು ಕಡೆ ಉಂಟು. ಪೇಟೆಯಲ್ಲಿ ಹಳದಿ ಬೆಲ್ಲಕ್ಕೇ ಬೆಲೆ ಕೊಡುವ ನಮ್ಮಂಥ ಗಿರಾಕಿಗಳೇ ಆ ಚಟಕ್ಕೆ ಹೊಣೆ.

ನೀರು ಹೋದಂತೆ ಕುದಿಬಿಂದು ಏರುತ್ತದೆ. 105 ಡಿಗ್ರಿಯ ಸುತ್ತ ಇಳಿಸಿದರೆ ಸುರಿಯುವ ಜೋನಿ ಬೆಲ್ಲ. 116ರಿಂದ 118ಕ್ಕೆ ಬಂದರೆ ಕಟ್ಟುವ ಬೆಲ್ಲ. ಗಾಣದ ಯಜಮಾನರ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಗುಳ್ಳೆ ಒಡೆಯುವ ಸದ್ದು ಬದಲಾದಾಗಲೇ ಅವರು ಎದ್ದು ನಿಂತಿದ್ದರು. ‘ದೂರ ಸರೀರಿ ಸರ, ಮೈಮ್ಯಾಲೆ ಸಿಡದ್ರ ಬಿಡೂದಿಲ್ಲದು’ ಎಂದು ನನ್ನನ್ನು ಹಿಂದಕ್ಕೆ ಸರಿಸಿ, ಕೊಪ್ಪರಿಗೆ ಎತ್ತಿಸಿ, ನೆಲದಲ್ಲಿ ಕಟ್ಟಿದ ಚೌಕ ತೊಟ್ಟಿಗೆ ಬೋರಲು ಹಾಕಿಸಿದರು.

ನೋಡಬೇಕಾದದ್ದು ಇಲ್ಲಿಂದ ಮುಂದೆ. ತೊಟ್ಟಿಗೆ ಬಿದ್ದ ಪಾಕ ಕಡುಕಂದು, ಹೊಳಪು, ತಳದ ಸಿಮೆಂಟಿನ ಗೆರೆ ಕಾಣುವಷ್ಟು ತಿಳಿ. ಇಬ್ಬರು ಉದ್ದ ಹಿಡಿಯ ಮರದ ಹಲಗೆಯಿಂದ ಅದನ್ನು ಮಗುಚತೊಡಗಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಹಲಗೆ ಎಳೆದ ದಾರಿಯಲ್ಲಿ ಒಂದು ಮಸುಕು ಗೆರೆ ಉಳಿಯಿತು. ಗೆರೆಗಳು ಒಂದಕ್ಕೊಂದು ಸೇರಿ, ನೋಡನೋಡುತ್ತಿದ್ದಂತೆ ಇಡೀ ತೊಟ್ಟಿಯ ಹೊಳಪು ಸತ್ತು ಬಂಗಾರದ ಹಳದಿ ಮಬ್ಬು ಹರಡಿತು. ಬಣ್ಣ ಯಾರೂ ಹಾಕಲಿಲ್ಲ. ಪಾಕದೊಳಗೆ ಏಕಕಾಲಕ್ಕೆ ಹುಟ್ಟಿದ ಅಸಂಖ್ಯ ಸಣ್ಣ ಹರಳುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸಿದ್ದರಿಂದ ಕಂದು ತಿಳಿ ಹೋಗಿ ಹಳದಿ ಬಂತು. ‘ಹರಳ ಕಟ್ಟಾಕ ಹತ್ತೈತಿ, ಜಲ್ದಿ ತುಂಬ್ರಪಾ’ ಎಂದು ಯಜಮಾನರು ಕೂಗಿದರು. ಅಚ್ಚಿಗೆ ತುಂಬುವಾಗ ಪಾಕದ ಬಿಸಿ ಇಳಿಯಲು ಒಲ್ಲದೆ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು; ಹರಳಾಗುವಾಗ ಅಣುಗಳು ಒಳಗಿನ ಶಾಖವನ್ನು ಹೊರಗೆ ಬಿಡುತ್ತವೆ.

ಈ ಬೆಲ್ಲದ ಪುಡಿಯನ್ನು ಕ್ಷ-ಕಿರಣದ ಮುಂದೆ ಇಟ್ಟರೆ ಏನು ಕಂಡೀತು? ಮಾಕ್ಸ್ ಫಾನ್ ಲೌಯೆ ಮತ್ತು ಸಂಗಡಿಗರು 1912ರಲ್ಲಿ ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿ ಚುಕ್ಕೆಗಳ ಚಿತ್ರ ಪಡೆದರು. ಬ್ರಾಗ್ ತಂದೆ-ಮಗ ಮರುವರ್ಷ ಆ ಚುಕ್ಕೆಗಳಿಂದ ಪರಮಾಣುಗಳ ನಡುವಿನ ದೂರ ಅಳೆಯುವ ಲೆಕ್ಕ ಕೊಟ್ಟರು. ಪ್ರಯೋಗಾಲಯದ ಸಾಮಾನ್ಯ ಯಂತ್ರದಲ್ಲಿ ತಾಮ್ರದಿಂದ ಹೊರಡುವ ಕಿರಣದ ತರಂಗಾಂತರ 1.54 ಆಂಗ್‌ಸ್ಟ್ರಾಂ. ಒಂದು ಸೆಂಟಿಮೀಟರಿನಲ್ಲಿ ಹತ್ತು ಕೋಟಿ ಆಂಗ್‌ಸ್ಟ್ರಾಂ ಇರುತ್ತವೆ. ಪರಮಾಣುಗಳ ನಡುವಿನ ದೂರವೂ ಇದೇ ಆಸುಪಾಸಿನದು, ಆದ್ದರಿಂದ ಕಿರಣ ಅವುಗಳಿಗೆ ತಾಗಿ ನಿಶ್ಚಿತ ಕೋನಗಳಲ್ಲಿ ಬಲಗೊಂಡು ಹೊರಬರುತ್ತದೆ. ಸಕ್ಕರೆಯ ಹರಳಿನಲ್ಲಿ 10.86, 8.70 ಮತ್ತು 7.76 ಆಂಗ್‌ಸ್ಟ್ರಾಂ ಅಂಚುಗಳ ಒಂದು ಓರೆ ಪೆಟ್ಟಿಗೆ, ಒಳಗೆ ಎರಡು ಅಣು. ಅದೇ ಪೆಟ್ಟಿಗೆ ಮತ್ತೆ ಮತ್ತೆ. ಈ ವಿನ್ಯಾಸವನ್ನು ಎಡಿನ್‌ಬರೋದ ಬೀವರ್ಸ್ ಮತ್ತು ಸಂಗಡಿಗರು 1952ರಲ್ಲಿ ಬಿಡಿಸಿದರು. ಹರಳು ಸಕ್ಕರೆಯ ನಕ್ಷೆಯಲ್ಲಿ ಡಜನುಗಟ್ಟಲೆ ಚೂಪು ಶಿಖರಗಳು ಏಳುತ್ತವೆ. ಕರಗಿಸಿ ಥಟ್ಟನೆ ತಣಿಸಿದ ಸಕ್ಕರೆಯಲ್ಲಿ ಶಿಖರಗಳೆಲ್ಲ ಮಾಯ. 20 ಡಿಗ್ರಿ ಕೋನದ ಸುತ್ತ ಒಂದೇ ಒಂದು ಅಗಲ ದಿಬ್ಬ. ಬೆಲ್ಲದಲ್ಲಿ ಎರಡೂ ಉಂಟು: ದಿಬ್ಬದ ಮೇಲೆ ಶಿಖರ.

ಆ ದಿಬ್ಬ ಬೇಡದ ಕಸವಲ್ಲ. ಡಿಬೈ ಮತ್ತು ಷೆರರ್ 1916ರಲ್ಲಿ ಬೆನ್ಜೀನಿನಂಥ ದ್ರವದಲ್ಲೂ ಮಸುಕು ಬಳೆ ಕಂಡಾಗ ಪ್ರಶ್ನೆ ಎದ್ದಿತು: ಸಾಲೇ ಇಲ್ಲದ ಕಡೆ ಬಳೆ ಎಲ್ಲಿಂದ? ಮುಖ್ಯ ಉತ್ತರಗಳಲ್ಲಿ ಒಂದು ಬಂದದ್ದು ಕಲ್ಕತ್ತದಿಂದ. ಸಿ.ವಿ. ರಾಮನ್ ಮತ್ತು ಕೆ.ಆರ್. ರಾಮನಾಥನ್ 1923ರಲ್ಲಿ ದ್ರವಗಳ ಕ್ಷ-ಕಿರಣ ವಿವರ್ತನೆಯ ಬಗ್ಗೆ ಪ್ರಬಂಧ ಬರೆದರು. ಬಳೆಯ ಅಳತೆ ಅಕ್ಕಪಕ್ಕದ ಅಣುಗಳ ಸರಾಸರಿ ದೂರವನ್ನು ಹೇಳುತ್ತದೆ. ಬಳೆಯ ಒಳಗಿನ ಭಾಗ ಕತ್ತಲಾಗಿರುವುದು ದ್ರವವನ್ನು ಒತ್ತಿ ಕುಗ್ಗಿಸುವುದು ಕಷ್ಟ ಎಂಬುದರ ಗುರುತು ಎಂದು ತೋರಿಸಿದರು. ರಾಮನ್ ಎಂದರೆ 1928ರ ಪರಿಣಾಮ ಮಾತ್ರ ನಮಗೆ ನೆನಪು. ಬೆಂಗಳೂರಿಗೆ ಬರುವ ಹತ್ತು ವರ್ಷ ಮೊದಲು ಅವರು ಮಾಡಿದ ಈ ಕೆಲಸವನ್ನು ನಮ್ಮ ಪಠ್ಯಪುಸ್ತಕಗಳು ಮರೆತದ್ದು ಸರಿಯಲ್ಲ.

ಶಾಲೆಯ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದರೆ ನೂರನೆಯ ಹುಡುಗ ಎಲ್ಲಿರುತ್ತಾನೆಂದು ಮೊದಲ ಹುಡುಗನನ್ನು ನೋಡಿಯೇ ಹೇಳಬಹುದು, ಹರಳು ಹಾಗೆ. ಮೂಡಲಗಿಯ ದನದ ಪೇಟೆಯ ಗದ್ದಲದಲ್ಲಿ ನಿಂತವನಿಗೆ ತನ್ನ ಪಕ್ಕದವ ಎಷ್ಟು ದೂರ ಎಂಬುದು ಗೊತ್ತು, ಏಕೆಂದರೆ ಒಬ್ಬರ ಮೈಮೇಲೆ ಒಬ್ಬರು ನಿಲ್ಲಲಾಗದು. ಆದರೆ ಇಪ್ಪತ್ತು ಮಾರು ಆಚೆ ಯಾರು ಎಲ್ಲಿ ಎಂಬುದಕ್ಕೆ ನಿಯಮವಿಲ್ಲ. ದ್ರವ ಇದು. ಮೊದಲ ನೆರೆಹೊರೆ ಖಚಿತ, ಎರಡನೆಯದು ಅಂದಾಜು, ಮೂರನೆಯದು ಮಸುಕು. ಕ್ಷ-ಕಿರಣದ ದಿಬ್ಬವನ್ನು ಗಣಿತದಿಂದ ತಿರುಗಿಸಿದರೆ ದೊರೆಯುವುದು ಈ ನೆರೆಹೊರೆಯ ಲೆಕ್ಕ: ಒಂದು ಪರಮಾಣುವಿನಿಂದ ಇಷ್ಟು ದೂರದಲ್ಲಿ ಸರಾಸರಿ ಎಷ್ಟು ಪರಮಾಣು.

ನಿಜವಾದ ಕುತೂಹಲ ಮುಂದಿದೆ. ಸಕ್ಕರೆಯ ಅಣು ದೊಡ್ಡದು, ಸಿಕ್ಕುಸಿಕ್ಕಾದದ್ದು, ಅದು ಸಾಲುಗೂಡಲು ತಡವಾದರೆ ಆಶ್ಚರ್ಯವಿಲ್ಲ. ಕರಗಿದ ಲೋಹದಲ್ಲಿರುವುದು ಬರೀ ಗುಂಡು ಪರಮಾಣು. ಅದಂತೂ ಕರಗುಬಿಂದುವಿಗೆ ಬಂದೊಡನೆ ಹರಳಾಗಬೇಕು. ಆದರೆ 1950ರ ಹೊತ್ತಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಡೇವಿಡ್ ಟರ್ನ್‌ಬುಲ್ ಸಣ್ಣ ಲೋಹದ ಹನಿಗಳನ್ನು ತಣಿಸಿದಾಗ, ನಿಕ್ಕಲ್ ತನ್ನ ಕರಗುಬಿಂದುವಿಗಿಂತ 300 ಡಿಗ್ರಿಗೂ ಹೆಚ್ಚು ಕೆಳಗಿಳಿದರೂ ದ್ರವವಾಗಿಯೇ ಉಳಿಯಿತು. ತಡೆಯುತ್ತಿದ್ದದ್ದು ಏನು? ಬ್ರಿಸ್ಟಲಿನ ಚಾರ್ಲ್ಸ್ ಫ್ರಾಂಕ್ 1952ರಲ್ಲಿ ಒಂದು ಊಹೆ ಮುಂದಿಟ್ಟರು. ಒಂದು ಗುಂಡಿನ ಸುತ್ತ ಹನ್ನೆರಡು ಗುಂಡುಗಳನ್ನು ಅತಿ ಬಿಗಿಯಾಗಿ ಜೋಡಿಸುವ ಬಗೆ ಇಪ್ಪತ್ತು ಮುಖಗಳ ಐಕೋಸಹೆಡ್ರನ್. ಆ ಆಕಾರಕ್ಕೆ ಐದರ ಸಮಮಿತಿ ಇದೆ. ಐದು ಬದಿಯೂ ಐದು ಮೂಲೆಯೂ ಸಮನಾದ ಹಂಚಿನಿಂದ ನೆಲ ಮುಚ್ಚಲು ಹೋದರೆ ಸಂದು ಉಳಿಯುವ ಹಾಗೆ, ಈ ಗುಂಪುಗಳಿಂದ ಹರಳು ಕಟ್ಟಲು ಬಾರದು. ದ್ರವ ತನ್ನ ಹತ್ತಿರದ ನೆರೆಹೊರೆಯಲ್ಲಿ ಈ ಸುಖವನ್ನು ಕಂಡುಕೊಂಡಿದೆ. ಹರಳಾಗಬೇಕಾದರೆ ಅದನ್ನು ಒಡೆದು ಮತ್ತೆ ಕಟ್ಟಬೇಕು. ಆ ಒಡೆಯುವ ಖರ್ಚೇ ತಡೆ.

ಊಹೆ ಸುಲಭ, ಪುರಾವೆ ಕಷ್ಟ. ಅತಿಶೀತ ಲೋಹವನ್ನು ಯಾವ ಪಾತ್ರೆಯಲ್ಲಿಟ್ಟರೂ ಪಾತ್ರೆಯ ಗೋಡೆಯೇ ಬೀಜವಾಗುತ್ತದೆ. ಕರದಂಟಿನ ಅಜ್ಜಾರ ಒದ್ದೆ ಬಟ್ಟೆ ಅಲ್ಲಿ ಸಾಲದು. ಅದಕ್ಕೆ ಪಾತ್ರೆಯನ್ನೇ ತೆಗೆದುಹಾಕಿದರು: ನಿರ್ವಾತದಲ್ಲಿ ಎರಡು ಮೂರು ಮಿಲಿಮೀಟರಿನ ಲೋಹದ ಗುಂಡನ್ನು ವಿದ್ಯುದಾವೇಶದ ಬಲದಿಂದ ಏನೂ ತಾಗದಂತೆ ತೇಲಿಸಿ, ಲೇಸರಿನಿಂದ ಕರಗಿಸಿ, ಲೇಸರ್ ಆರಿಸಿ, ಅದು ತಣಿಯುತ್ತಿರುವಾಗಲೇ ಅದರ ಮೂಲಕ ಸಿಂಕ್ರೊಟ್ರಾನ್ ಎಂಬ ವೇಗವರ್ಧಕದ ತೀಕ್ಷ್ಣ ಕ್ಷ-ಕಿರಣ ಹಾಯಿಸುವುದು. ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆನೆತ್ ಕೆಲ್ಟನ್ ಮತ್ತು ಸಂಗಡಿಗರು ಷಿಕಾಗೋ ಹತ್ತಿರದ ಆರ್ಗಾನ್ ಪ್ರಯೋಗಾಲಯದಲ್ಲಿ ಟೈಟಾನಿಯಂ-ಜಿರ್ಕೋನಿಯಂ-ನಿಕ್ಕಲ್ ಮಿಶ್ರಲೋಹದ ಮೇಲೆ ಇದನ್ನು ಮಾಡಿ 2003ರಲ್ಲಿ ಪ್ರಕಟಿಸಿದರು. ಲೋಹ ತಣಿದಂತೆಲ್ಲ ವಿವರ್ತನೆಯ ಎರಡನೆಯ ದಿಬ್ಬದ ಹೆಗಲಿನಲ್ಲಿ ಒಂದು ಉಬ್ಬು ಬೆಳೆಯಿತು. ಫ್ರಾಂಕ್ ಹೇಳಿದ ಇಪ್ಪತ್ತು ಮುಖದ ಗುಂಪುಗಳ ಗುರುತು ಅದು. ಅವು ಹೆಚ್ಚಿದ ದ್ರವದಲ್ಲಿ ಮೊದಲು ಹುಟ್ಟಿದ್ದು ಸಾಮಾನ್ಯ ಹರಳಲ್ಲ, ಅದೇ ಐದರ ಸಮಮಿತಿ ಹೊತ್ತ ಅರೆಹರಳು (ಕ್ವಾಸಿಕ್ರಿಸ್ಟಲ್). ಐವತ್ತು ವರ್ಷದ ಊಹೆಗೆ ಹಾರಾಡುವ ಒಂದು ಹನಿ ಸಾಕ್ಷಿ ಹೇಳಿತು.

ನೀರಿನ ಸರದಿ ಆಮೇಲೆ ಬಂತು. ಮೈಕ್ರಾನು ಗಾತ್ರದ ಹನಿಗಳನ್ನು ನಿರ್ವಾತಕ್ಕೆ ಚಿಮ್ಮಿಸಿ, ಆವಿಯಾಗುತ್ತಲೇ ತಣಿದ ನೀರು ಮಂಜುಗಡ್ಡೆಯಾಗುವ ಮೊದಲು ಕ್ಷ-ಕಿರಣ ಲೇಸರಿನ ಒಂದು ಮಿಣುಕಿನಲ್ಲಿ ಅದರ ಚಿತ್ರ ತೆಗೆದರು. ಸ್ವೀಡನ್ನಿನ ಆಂಡರ್ಸ್ ನಿಲ್ಸನ್ ಅವರ ಗುಂಪು 2017ರಲ್ಲಿ ಮೈನಸ್ 44 ಡಿಗ್ರಿಯ ಆಸುಪಾಸಿನಲ್ಲಿ ನೀರಿನ ಗುಣಗಳು ಒಂದು ತುದಿ ಮುಟ್ಟಿ ಮತ್ತೆ ಇಳಿಯುವುದನ್ನು ಕಂಡಿತು. ನೀರಿನೊಳಗೆ ಎರಡು ಬಗೆಯ ನೀರು ಇರಬಹುದೇ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಹುಕ್ಕೇರಿ ಕಡೆಗೆ

ಗೋಕಾಕದ ಜಲಪಾತ ಬೀಳುವ ಬಂಡೆ ಮರಳುಗಲ್ಲು. ಬಹಳ ಹಿಂದೆ ಯಾವುದೋ ನೀರಿನಡಿ ಕೂತ ಮರಳಿನ ಹರಳುಗಳು. ಅಲ್ಲಿಂದ ಪಶ್ಚಿಮಕ್ಕೆ ಹುಕ್ಕೇರಿ, ಸಂಕೇಶ್ವರದ ದಿಕ್ಕಿಗೆ ಬಂದಂತೆ ದಖನ್ನಿನ ಕರಿಗಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾ ಅದು. ನಿಧಾನವಾಗಿ ತಣಿದ ಕಡೆ ಅದರೊಳಗೆ ಹರಳು, ಬೇಗ ತಣಿದ ಕಡೆ ಗಾಜು. ಪಾಕದ ಪಾಠ ನೆಲದಲ್ಲೂ ಇದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಹಿರಣ್ಯಕೇಶಿ ನದಿಯ ಹೆಸರನ್ನೇ ಹೊತ್ತ ಸಹಕಾರಿ ಸಕ್ಕರೆ ಕಾರ್ಖಾನೆ ಸಂಕೇಶ್ವರದ ಹೆಗ್ಗುರುತು. ಇಲ್ಲಿಯ ಮೂರೂ ತಾಲ್ಲೂಕಿನಲ್ಲಿ ಚಿಮಣಿಗಳಿಗೆ ಬರವಿಲ್ಲ. ಯಾವ ಕಾರ್ಖಾನೆಗೆ ಹೋದರೂ ಗಿರಣಿಯ ಗದ್ದಲ ನೋಡಿ ಹಿಂದಿರುಗಬೇಡಿ. ಮೆಟ್ಟಿಲು ಹತ್ತಿ ಪ್ಯಾನ್ ಇರುವ ಮಹಡಿಗೆ ಹೋಗಿ. ಅಲ್ಲಿ ನಿರ್ವಾತದ ದೊಡ್ಡ ಹಂಡೆಗಳಲ್ಲಿ ಪಾಕ 60-70 ಡಿಗ್ರಿಗೇ ಕುದಿಯುತ್ತಿರುತ್ತದೆ. ಬಿಸಿ ಕಡಿಮೆಯಾದ್ದರಿಂದ ಸಕ್ಕರೆ ಒಡೆಯುವುದಿಲ್ಲ, ಕಪ್ಪಾಗುವುದಿಲ್ಲ. 20 ಡಿಗ್ರಿಯ ಒಂದು ಕಿಲೋ ನೀರಿನಲ್ಲಿ ಎರಡು ಕಿಲೋ ಸಕ್ಕರೆ ಕರಗುತ್ತದೆ. 100 ಡಿಗ್ರಿಯಲ್ಲಿ ಐದು ಕಿಲೋ ಹತ್ತಿರ ಹತ್ತಿರ. ಈ ಮಿತಿಯನ್ನು ಮೀರಿ, ಅಂದರೆ ಹರಳು ಬೀಳಬೇಕಾದ ಗೆರೆಯಿಂದ ತುಸು ಆಚೆಗೆ ಪಾಕವನ್ನು ಒಯ್ದು ಅಲ್ಲಿ ನಿಲ್ಲಿಸುವುದೇ ಪ್ಯಾನ್‌ಮನ್‌ನ ಕೆಲಸ. ಹೆಚ್ಚು ಆಚೆ ಹೋದರೆ ಬೇಡದ ಕಡೆಯೆಲ್ಲ ಹಿಟ್ಟಿನಂಥ ಹರಳು ಹುಟ್ಟಿ, ಮುಂದೆ ಹರಳು ಸೋಸುವ ಜಾಲರಿ ಕಟ್ಟಿಕೊಳ್ಳುತ್ತದೆ. ಈಚೆ ಬಂದರೆ ಇದ್ದ ಹರಳೂ ಕರಗುತ್ತದೆ. ಆ ಸಣ್ಣ ಅಂತರದಲ್ಲಿ ನಿಂತು, ಸ್ಪಿರಿಟ್ಟಿನಲ್ಲಿ ಅರೆದ ಸಕ್ಕರೆಯ ನುಣ್ಣನೆ ಹಿಟ್ಟನ್ನು ಬೀಜವಾಗಿ ಒಳಗೆ ಬಿಡುತ್ತಾರೆ. ಆಮೇಲೆ ಹೊಸ ಹರಳು ಹುಟ್ಟಬಾರದು, ಬಿತ್ತಿದ್ದೇ ಬೆಳೆಯಬೇಕು. ಪ್ಯಾನ್‌ಮನ್ ಆಗಾಗ ಹಂಡೆಯ ಬದಿಯ ಕೊಳವೆಯಿಂದ ಸಲಾಕೆ ಎಳೆದು, ಅದರ ತುದಿಯ ಪಾಕವನ್ನು ಗಾಜಿನ ಚೂರಿನ ಮೇಲೆ ಬಳಿದು ಬಲ್ಬಿಗೆ ಹಿಡಿಯುತ್ತಾನೆ, ಹೆಬ್ಬೆರಳಲ್ಲಿ ಉಜ್ಜುತ್ತಾನೆ. ನಮ್ಮ ಕಿರಾಣಿ ಅಂಗಡಿಯ ಎಂ-30, ಎಸ್-30 ಎಂಬ ದರ್ಜೆಗಳು ತೀರ್ಮಾನವಾಗುವುದು ಬಹುಮಟ್ಟಿಗೆ ಆ ಹೆಬ್ಬೆರಳಿನಲ್ಲಿ.

ಬೀಜದ ಮಾತು ಬಂದಾಗ ಆಕಾಶ ನೋಡಬೇಕು. ಟರ್ನ್‌ಬುಲ್ ಇದ್ದ ಜನರಲ್ ಎಲೆಕ್ಟ್ರಿಕ್‌ನಲ್ಲೇ ಬರ್ನಾರ್ಡ್ ವೊನೆಗಟ್ ಎಂಬಾತ 1946ರಲ್ಲಿ ಮೋಡದ ಅತಿಶೀತ ಹನಿಗಳನ್ನು ಹೆಪ್ಪುಗಟ್ಟಿಸುವ ಪುಡಿ ಹುಡುಕುತ್ತಿದ್ದ. ಕಂಡಕಂಡದ್ದನ್ನು ಎರಚಿ ನೋಡುವ ಬದಲು ಕ್ಷ-ಕಿರಣದಿಂದ ಅಳೆದ ಹರಳುಗಳ ಪಟ್ಟಿ ತೆರೆದು, ಮಂಜುಗಡ್ಡೆಯ ಜೋಡಣೆಗೆ ಅತಿ ಹತ್ತಿರವಾದುದನ್ನು ಆರಿಸಿದ: ಸಿಲ್ವರ್ ಅಯೋಡೈಡ್. ಎರಡರ ಅಳತೆಯಲ್ಲಿ ವ್ಯತ್ಯಾಸ ನೂರಕ್ಕೆ ಒಂದೆರಡು ಪಾಲು. ಹನಿ ಅದನ್ನೇ ತನ್ನ ಬೀಜವೆಂದು ನಂಬುತ್ತದೆ. ನಮ್ಮ ರಾಜ್ಯ ಸರ್ಕಾರ 2017ರಲ್ಲಿ, ಮತ್ತೆ 2019ರಲ್ಲಿ ಮೋಡ ಬಿತ್ತನೆಗೆ ವಿಮಾನ ಹಾರಿಸಿದಾಗ ಮಳೆ ಎಷ್ಟು ಹೆಚ್ಚಿತು ಎಂಬ ಜಗಳ ನಡೆಯಿತೇ ಹೊರತು, ಮೈನಸ್ ಹತ್ತು ಡಿಗ್ರಿಯಲ್ಲೂ ನೀರಾಗಿಯೇ ನಿಂತ ಹನಿಗಳ ವಿಷಯ ಯಾರೂ ರೈತರಿಗೆ ಹೇಳಲಿಲ್ಲ. ಹೇಳಿದ್ದರೆ ಈ ಸೀಮೆಯವರು ಒಂದೇ ಮಾತಿಗೆ ಹಿಡಿದುಕೊಳ್ಳುತ್ತಿದ್ದರು; ಪ್ಯಾನಿಗೆ ಬೀಜ ಬಿಡುವುದೂ ಮೋಡಕ್ಕೆ ಬೀಜ ಬಿಡುವುದೂ ಒಂದೇ ಕೆಲಸ.

ಅತಿಶೀತ ದ್ರವಗಳ ಬಗ್ಗೆ ಕರ್ನಾಟಕದಲ್ಲಿ ಗಂಭೀರ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಶ್ರೀಕಾಂತ್ ಶಾಸ್ತ್ರಿ, ಗಾಜಾಗುವ ದ್ರವಗಳ ಶಕ್ತಿಯ ಏರಿಳಿತಗಳ ಕುರಿತು 1998ರಲ್ಲಿ ಮತ್ತು ಅತಿಶೀತ ಸಿಲಿಕಾನಿನಲ್ಲಿ ಎರಡು ದ್ರವಸ್ಥಿತಿಗಳಿರುವ ಕುರಿತು 2003ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಅಧ್ಯಯನಗಳನ್ನು ಈ ಕ್ಷೇತ್ರದವರೆಲ್ಲ ಬಲ್ಲರು. ಅದು ಸಿಲಿಕಾನಿನ ಮಾತಾಯಿತು. ಬೆಲ್ಲದ ಮಾತು ಯಾರು ಎತ್ತಬೇಕು?

ಎತ್ತಲು ಕಾರಣವಿದೆ. ಮಳೆಗಾಲದಲ್ಲಿ ಬೆಲ್ಲದ ಪೆಂಟೆ ಬೆವರುತ್ತದೆ, ಜಿನುಗುತ್ತದೆ, ದಾಸ್ತಾನು ಕೆಡುತ್ತದೆ. ಬೆಲ್ಲದೊಳಗಿನ ಹರಳಿನ ಪಾಲು ಗಟ್ಟಿಯಾಗಿಯೇ ಇರುತ್ತದೆ. ಕೈಕೊಡುವುದು ಹರಳಾಗದೆ ಉಳಿದ ಪಾಲು. ಪೂರ್ತಿ ಒಣಗಿದ ಗಾಜುಸಕ್ಕರೆ ಮೆತ್ತಗಾಗುವುದು 60 ಡಿಗ್ರಿ ದಾಟಿದ ಮೇಲೆ. ಗ್ಲೂಕೋಸಿನ ಗಾಜು 31 ಡಿಗ್ರಿಗೇ ಸಡಿಲುತ್ತದೆ, ಫ್ರಕ್ಟೋಸಿನದು ಸುಮಾರು 5 ಡಿಗ್ರಿಗೆ. ಮೇಲಾಗಿ ಗಾಳಿಯ ತೇವ ಸೇರಿದರೆ ಎಲ್ಲವೂ ಇನ್ನೂ ಕೆಳಗಿಳಿಯುತ್ತವೆ. ಕಡಿದ ಕಬ್ಬನ್ನು ಬಿಸಿಲಿನಲ್ಲಿ ಬಿಟ್ಟು ತಡವಾಗಿ ಅರೆದರೆ, ರಸದ ಹುಳಿ ಮುರಿಯದೆ ಕಾಯಿಸಿದರೆ ಸಕ್ಕರೆಯ ಜೋಡಿ ಒಡೆದು ಈ ಎರಡು ಹೆಚ್ಚುತ್ತವೆ. ಬೆವರುವ ಬೆಲ್ಲದ ಬೇರು ಅಲ್ಲಿದೆ. ಯಾವ ತಳಿಯ ಕಬ್ಬು, ಎಷ್ಟು ಸುಣ್ಣ, ಎಷ್ಟು ಹೊತ್ತು ಮಗುಚಿದರೆ ಹರಳಿನ ಪಾಲು ಹೆಚ್ಚುತ್ತದೆ ಎಂಬುದನ್ನು ಕ್ಷ-ಕಿರಣದ ನಕ್ಷೆ ನೇರವಾಗಿ ತೋರಿಸಬಲ್ಲದು: ಶಿಖರಗಳ ಪಾಲು ಎಷ್ಟು, ದಿಬ್ಬದ ಪಾಲು ಎಷ್ಟು.

ಬೇಕಾದವರೆಲ್ಲ ಹತ್ತಿರದಲ್ಲೇ ಇದ್ದಾರೆ. ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, ಎಸ್‌ಎನ್‌ಕೆ ಎಂಬ ಗುರುತಿನ ಕಬ್ಬಿನ ತಳಿಗಳು ಅಲ್ಲಿಯವೇ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಕ್ಷ-ಕಿರಣದ ಯಂತ್ರಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ದೂರವಲ್ಲ. ಒಂದು ಪರೀಕ್ಷೆಗೆ ಚಿಟಿಕೆ ಪುಡಿ ಸಾಕು, ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಈ ಭಾಗದ ಭೌತವಿಜ್ಞಾನ, ರಸಾಯನವಿಜ್ಞಾನದ ಮೇಷ್ಟ್ರುಗಳು ತಮ್ಮ ಎಂ.ಎಸ್ಸಿ. ಮಕ್ಕಳಿಗೆ ಪ್ರಾಜೆಕ್ಟ್ ಕೊಡುವಾಗ ಪೇಟೆಯಿಂದ ಡಬ್ಬಿಯ ರಾಸಾಯನಿಕ ತರಿಸುವ ಬದಲು ಒಮ್ಮೆ ಮೂಡಲಗಿಯ ಗಾಣಕ್ಕೆ ಕಳಿಸಲಿ. ಬಂದ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಗಾಣದವರಿಗೂ ಒಂದು ಪ್ರತಿ ಕೊಡಲಿ.

ನೋಡಲು ಬರುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಬರಬೇಕು, ಆಮೇಲೆ ಗಾಣಗಳು ಒಂದೊಂದಾಗಿ ನಿಲ್ಲುತ್ತವೆ. ಕಾರ್ಖಾನೆಯ ಪ್ಯಾನ್ ಮಹಡಿಗೆ ಮೊದಲೇ ಪರವಾನಗಿ ಪತ್ರ ಬೇಕು. ಗಾಣಕ್ಕೆ ಬೇಡ, ಹೋಗಿ ನಮಸ್ಕಾರ ಅಂದರೆ ಸಾಕು, ಕುಡಿಯಲು ರಸ ಕೊಟ್ಟೇ ಮಾತಾಡಿಸುತ್ತಾರೆ. ಪಾಕ ಇಳಿಸುವ ಹೊತ್ತಿಗೆ ಮಕ್ಕಳನ್ನು ದೂರ ನಿಲ್ಲಿಸಿ. ಕೊಂಡ ಬೆಲ್ಲವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ರೈಲಿನವರಿಗೆ ಘಟಪ್ರಭಾ ಸ್ಟೇಷನ್ ಅನುಕೂಲ. ಅಲ್ಲಿಂದ ಗೋಕಾಕಕ್ಕೂ ಹುಕ್ಕೇರಿಗೂ ಬಸ್ಸುಗಳಿವೆ.